ಭಾನುವಾರದ ಆಫೀಸರು

ಭಾನುವಾರ ಮಧ್ಯಾಹ್ನ ಊಟ ಮುಗಿದು ಬಾಯಿಗೆ ಎಲೆಅಡಿಕೆ ಬಿದ್ದ ಕೂಡಲೇ ತಾಯಕ್ಕ ಸರ್ಕಾರಿ ಆಫೀಸರಾಗಿಬಿಡುತ್ತಿದ್ದಳು. ಬೋಗಾದಿಯ ಹಳೇ ಊರಿನ ಹಿಂದೆ, ಹೊಸ ಬಡಾವಣೆಯ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತ ನಮ್ಮ ಸಾಲುಮನೆಗಳಲ್ಲಿ ಅವಳದು ಮೂರನೆಯದು. ಬೀದಿ ಕಡೆಯ ಕಿಟಕಿಯ ಒಂದು ಕಂಬಿ ಯಾವಾಗಲೋ ಕಿತ್ತುಹೋಗಿತ್ತು. ಕಾಗದ ತೂರಿಸಲು ಅದೇ ಜಾಗ. ಒಳಗೆ ಮಂಚದ ಮೇಲೆ ಅವಳು, ಹೊರಗೆ ಬಿಸಿಲಿನಲ್ಲಿ ಸಾಲಾಗಿ ನಾವು. ಮೊರದಲ್ಲಿ ಸೊಪ್ಪು ಬಿಡಿಸುತ್ತ, ತಲೆ ಎತ್ತದೆ, 'ಏನು?' ಎನ್ನುತ್ತಿದ್ದಳು. ಅಷ್ಟಕ್ಕೇ ಅರ್ಧ ಜನಕ್ಕೆ ತಾವು ಬಂದ ಕೆಲಸ ಮರೆತುಹೋಗುತ್ತಿತ್ತು.

ನಮ್ಮ ಬೀದಿಯವರು ಯಾರೇ ಆಗಲಿ, ಕಚೇರಿಗೋ ಬ್ಯಾಂಕಿಗೋ ಮಕ್ಕಳ ಶಾಲೆಗೋ ಹೋಗುವ ಮುಂಚೆ ಈ ಕಿಟಕಿಯಲ್ಲಿ ಪಾಸಾಗಬೇಕಿತ್ತು. ನಮ್ಮದು ಗಾರೆ ಕೆಲಸ, ಮನೆಗೆಲಸ, ಪೇಂಟಿಂಗ್ ಕೆಲಸದವರ ಬೀದಿ. ಮನೆಯಲ್ಲಿ ಹುಲಿಗಳಂತೆ ಆಡುವವರೆಲ್ಲ ಮೇಜಿನ ಹಿಂದೆ ಕನ್ನಡಕ ಹಾಕಿಕೊಂಡು ಕೂತವರನ್ನು ಕಂಡರೆ ಬಾಯಿ ಕಟ್ಟಿ ನಿಲ್ಲುತ್ತಿದ್ದರು. ರೇಷನ್ ಕಾರ್ಡು, ಪಿಂಚಣಿ, ಶಾಲೆಯ ಸೀಟು ಎಲ್ಲ ತಪ್ಪುವುದು ಆ ಕಟ್ಟಿದ ಬಾಯಿಂದಲೇ ಎನ್ನುವುದು ತಾಯಕ್ಕನ ಸಿದ್ಧಾಂತ. ಆದ್ದರಿಂದ ಅಲ್ಲಿ ಆಗಬಹುದಾದ ಅವಮಾನವನ್ನೆಲ್ಲ ಇಲ್ಲೇ ಮಾಡಿ ಮುಗಿಸಿ ಕಳಿಸುತ್ತಿದ್ದಳು. ಬ್ಯಾಂಕ್ ಮ್ಯಾನೇಜರಾದ ದಿನ ಮೊಬೈಲು ಕಿವಿಗಿಟ್ಟುಕೊಂಡು ಇಲ್ಲದ ಹೆಂಡತಿಯ ಜೊತೆ ಮಾತಾಡುವಳು. ಹೆಡ್‌ಮಾಸ್ಟರಾದರೆ ಮೂಗಿನಲ್ಲಿ ಮಾತು. ಆಸ್ಪತ್ರೆಯ ನರ್ಸಾದರೆ 'ಆ ಕಡೆ ಹೋಗಿ, ಆ ಕಡೆ' ಎಂದು ಗೋಡೆಯನ್ನು ತೋರಿಸುವಳು. ನಮ್ಮ ಅರ್ಜಿಯನ್ನು ತಲೆಕೆಳಗಾಗಿ ಹಿಡಿದು, ಬಹಳ ಹೊತ್ತು ನೋಡಿ, 'ಇದ್ರಲ್ಲಿ ತಪ್ಪು ಅದೆ, ಬರಸ್ಕಂಡ್ ಬಾ' ಎಂದು ಎಸೆಯುವಳು. ಆಫೀಸರ ಅಸಡ್ಡೆಯನ್ನು ಎಷ್ಟು ಚೆನ್ನಾಗಿ ಮಾಡಿ ತೋರಿಸುತ್ತಾಳೆ ಎಂದು ನಾವು ಮೆಚ್ಚಿಕೊಳ್ಳುತ್ತಿದ್ದೆವು. ಅವಳಿಗೆ ಓದು ಬಾರದು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

'ಕೈ ಮುಗಿಬ್ಯಾಡ ಕಣಮ್ಮ' ಎನ್ನುತ್ತಿದ್ದಳು. 'ಎರಡು ಕೈನೂ ಮುಗುದ್ರೆ ಅರ್ಜಿ ಯಾವ್ ಕೈಲಿ ಹಿಡ್ಕತ್ತೀಯೆ?' ಪೇಂಟರ್ ಮಹೇಶನದು ಬೇರೆ ಕಾಯಿಲೆ. ಅವನು ಎಲ್ಲಿ ಹೋದರೂ ಕೂಗಾಡಿ ಬರುವವನು. ಅವನನ್ನು ಮೂರು ಭಾನುವಾರ ಕಿಟಕಿಯ ಮುಂದೆ ನಿಲ್ಲಿಸಿಕೊಂಡು ಅವನ ಮೀಸೆ, ಅವನ ಬೈಕು, ಅವನಿಗೆ ಹೆಣ್ಣು ಸಿಗದಿರುವುದು, ಎಲ್ಲದರ ಬಗ್ಗೆಯೂ ಆಡಿಕೊಂಡಳು. 'ನೀನು ಕೂಗಾಡ್ಬುಟ್ರೆ ಅವ್ನಿಗೆ ಖುಸಿ ಕಣ್ಲಾ. ಜಗಳ ಆಯ್ತು ಅಂತ ಎದ್ದು ಕಾಫಿಗೋಗ್ತಾನೆ. ನಿನ್ ಕೆಲ್ಸ ಅಲ್ಲೇ ಬಿದ್ದಿರ್ತದೆ.' ಮಹೇಶ ಹಲ್ಲು ಕಚ್ಚಿಕೊಂಡು ನಿಲ್ಲುವುದನ್ನು ಕಲಿತ. ಆ ಮೂರನೇ ವಾರ ಅವನ ಅಮ್ಮನಿಗೆ ವಿಧವಾ ವೇತನ ಮಂಜೂರಾಯಿತು.

ಅವಳ ಪೂರ್ತಿ ಹೆಸರು ಚಿಕ್ಕತಾಯಮ್ಮ. ಹೊಟ್ಟೆ, ದನಿ, ಸಿಟ್ಟು, ಯಾವುದೂ ಆ ಹೆಸರಿನ ಮಾತು ಕೇಳಿರಲಿಲ್ಲ. ಮೊದಲು ಕಟ್ಟಡ ಕೆಲಸದವರಿಗೆ ಗಾಡಿಯಲ್ಲಿ ಇಡ್ಲಿ ಮಾರುತ್ತಿದ್ದಳಂತೆ. ಮಂಡಿ ಕೈಕೊಟ್ಟ ಮೇಲೆ ಗಾಡಿ ನಿಲ್ಲಿಸಿ ಬೀದಿಯ ಯಜಮಾನಿಕೆ ಹಿಡಿದಳು. ಅವಳನ್ನು ಯಾರೂ ಆರಿಸಿರಲಿಲ್ಲ, ಇಳಿಸುವ ಧೈರ್ಯವೂ ಯಾರಿಗೂ ಇರಲಿಲ್ಲ. ಸಂಘ, ಬೋರ್ಡು, ಲೆಟರ್‌ಹೆಡ್ಡು ಏನೂ ಇಲ್ಲ. ಎಲೆಕ್ಷನ್ ಬಂದರೆ ಎಲ್ಲ ಪಕ್ಷದವರು ಕೊಟ್ಟ ಸೀರೆಯನ್ನೂ ತೆಗೆದುಕೊಂಡು, ವೋಟು ಹಾಕುವ ದಿನ ತನ್ನ ಹಳೇ ಸೀರೆ ಉಟ್ಟು ಹೋಗುತ್ತಿದ್ದಳು. 'ಯಾರ್ ಮನ್ಸೂ ನೋಯಿಸ್ಬಾರ್ದು' ಎನ್ನುವಳು. ಚೌಕಾಬಾರದಲ್ಲಿ ಮಾತ್ರ ಮಕ್ಕಳಿಗೂ ಮೋಸ ಮಾಡುತ್ತಿದ್ದಳು. ಯಾರಾದರೂ ಬಹುವಚನ ಹಚ್ಚಿದರೆ ತಿರುಗಿ ತನ್ನ ಹಿಂದೆ ನೋಡಿ, 'ಯಾರ್ ಬಂದವ್ರೆ?' ಎಂದು ಕೇಳುತ್ತಿದ್ದಳು. ಹಾಗಾಗಿ ಇಲ್ಲಿಯೂ ಏಕವಚನವೇ ಇರಲಿ.

ಕಚೇರಿಗೆ ಹೋಗಿ ಬಂದವರು ಅವಳಿಗೆ ವರದಿ ಒಪ್ಪಿಸಬೇಕು ಎನ್ನುವುದೂ ಒಂದು ಕಾನೂನು. ಕಾಫಿ ಕೊಟ್ಟು ಕೂರಿಸಿಕೊಂಡು, ಅಲ್ಲಿ ಯಾರು ಏನೆಂದರು, ಯಾವ ಮುಖ ಮಾಡಿಕೊಂಡು ಅಂದರು, ಪೆನ್ನು ಎಲ್ಲಿಟ್ಟುಕೊಂಡಿದ್ದರು ಎಂದೆಲ್ಲ ಕೆದಕಿ ಕೇಳುವಳು. ನಮಗೋ, ಮೈಸೂರಿನಲ್ಲಿ ಇವಳು ಹತ್ತಿಳಿಯದ ಕಚೇರಿಯೇ ಇಲ್ಲ ಎನ್ನುವ ನಂಬಿಕೆ. ಆ ಹೊತ್ತಿನಲ್ಲೆಲ್ಲ ಒಳಗೆ ಅವಳ ಒಬ್ಬಳೇ ಮಗಳು ಗೌರಿ ಇರುತ್ತಿದ್ದಳು. ಗಂಡನನ್ನು ಬಿಟ್ಟು ಬಂದು ತಾಯಿಯ ಜೊತೆಗೇ ಇದ್ದವಳು, ವಿದ್ಯಾರ್ಥಿಗಳ ಮೆಸ್ಸೊಂದರಲ್ಲಿ ಅಡುಗೆ ಕೆಲಸ ಮಾಡುತ್ತಿದ್ದಳು. ನಾವೆಲ್ಲ ಬಿದ್ದು ಬಿದ್ದು ನಗುವಾಗ ಗೌರಿ ನಕ್ಕದ್ದು ನಾನು ನೋಡಿಲ್ಲ. ಕಿಟಕಿಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಅಡುಗೆಮನೆಯಿಂದ ಅವಳು ಪಾತ್ರೆ ಕುಕ್ಕುವ ಸದ್ದು ಮಾತ್ರ ಕೇಳುತ್ತಿತ್ತು.

ನನ್ನ ಸರದಿ ಬಂದದ್ದು ಎಸ್ಸೆಸ್ಸೆಲ್ಸಿ ಮುಗಿದ ವರ್ಷ. ಪಾಲಿಟೆಕ್ನಿಕ್ ಸೀಟಿಗೆ ಜಾತಿ ಮತ್ತು ಆದಾಯದ ಪ್ರಮಾಣಪತ್ರ ಬೇಕಿತ್ತು. ಅರ್ಜಿ ಹಾಕಿ ಮೂರು ವಾರವಾದರೂ ಬಂದಿರಲಿಲ್ಲ. ಬುಧವಾರದೊಳಗೆ ಸಿಗದಿದ್ದರೆ ಸೀಟಿಲ್ಲ, ಸೀಟಿಲ್ಲದಿದ್ದರೆ ಗಾರ್ಮೆಂಟ್ಸಿಗೆ ಹೋಗು ಎಂದು ಅಪ್ಪ ಹೇಳಿ ಆಗಿತ್ತು. ಕಿಟಕಿಯ ಮುಂದೆ ನಿಂತು, 'ಸಾರ್, ನಮ್ಮ ಸರ್ಟಿಫಿಕೇಟು' ಎಂದೆ.

'ಯಾರೋ ಮಾತಾಡ್ದಂಗಾಯ್ತಲ್ಲ. ಸೊಳ್ಳೆನಾ?' ಎಂದು ತಾಯಕ್ಕ ಕಿವಿಯ ಹತ್ತಿರ ಕೈ ಬೀಸಿದಳು. ಅವತ್ತಿನಿಂದ ಬೀದಿಯಲ್ಲಿ ನನ್ನ ಹೆಸರು ಸೊಳ್ಳೆ.

'ನಿಮ್ಮಪ್ಪನ ವರಮಾನ ಎಷ್ಟು?' ಹೇಳಿದೆ. 'ಅಷ್ಟೇಯಾ? ಮತ್ತೆ ದಿನಾ ಸಂಜೆ ಅಂಗ್ಡಿ ಮುಂದೆ ತೂರಾಡ್ಕಂಡು ನಿಂತಿರ್ತಾನಲ್ಲ, ಅದ್ನ ಯಾರ್ ಕೊಡುಸ್ತಾರೆ?' ಸಾಲಿನಲ್ಲಿ ನನ್ನ ಹಿಂದೆ ಅಪ್ಪನೇ ನಿಂತಿದ್ದ. ನಾನು ಅತ್ತುಬಿಟ್ಟೆ. 'ಅತ್ಕಂಡು ಬಾ ಹೋಗು. ಕೌಂಟ್ರು ಐದ್ ಗಂಟೆ ಗಂಟ ತೆಗ್ದಿರ್ತದೆ' ಎಂದು ಮುಂದಿನವರನ್ನು ಕರೆದಳು. ಆ ದಿನ ಐದು ಸಲ ಸಾಲಿನಲ್ಲಿ ನಿಂತೆ. ಐದನೇ ಸಲ ನನ್ನ ಬಾಯಿಂದ ಬಂದ ದನಿಗೆ ಕಾಂಪೌಂಡಿನ ಆಚೆಯ ನಾಯಿ ಬೊಗಳಿತು. ತಾಯಕ್ಕ 'ಹ್ಞೂಂ' ಎಂದಳು.

ಸೋಮವಾರ ಕಚೇರಿಗೆ ಹೋದೆ. ಅಲ್ಲಿ ಕೂತಿದ್ದ ಸಣಕಲು ಗುಮಾಸ್ತರು ನನ್ನ ಮುಖ ನೋಡಿ, 'ಕೂತ್ಕೊಳ್ಳಮ್ಮ, ನೋಡ್ತೀನಿ' ಎಂದರು. ಈ ಉತ್ತರಕ್ಕೆ ನನಗೆ ಅಭ್ಯಾಸವಿರಲಿಲ್ಲ. ಕಲಿತದ್ದನ್ನು ಕಲಿತ ಹಾಗೆಯೇ ಒಪ್ಪಿಸಿದೆ. ನಾನು ಕೂರುವುದಿಲ್ಲ, ಅರ್ಜಿ ಹಾಕಿ ಮೂರು ವಾರವಾಗಿದೆ, ಆಗುವುದಿಲ್ಲವಾದರೆ ಯಾಕೆ ಆಗುವುದಿಲ್ಲ ಎಂದು ಬರೆದುಕೊಡಿ, ನಮ್ಮಪ್ಪ ಕುಡಿಯುವುದಕ್ಕೂ ನನ್ನ ಸೀಟಿಗೂ ಸಂಬಂಧವಿಲ್ಲ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. 'ಅಲ್ಲಮ್ಮ, ನಾನು ಆಗಲ್ಲ ಅಂದೇ ಇಲ್ವಲ್ಲ' ಎಂದರು ಅವರು. 'ನಿಮ್ಮಪ್ಪನ ವಿಷ್ಯ ಕೇಳೂ ಇಲ್ಲ.' ಅವರ ಕೈಯಲ್ಲಿ ಆಗಲೇ ಪ್ರಿಂಟಾದ ಪ್ರಮಾಣಪತ್ರವಿತ್ತು.

ವರದಿ ಕೇಳಿ ತಾಯಕ್ಕನಿಗೆ ಬಹಳ ಬೇಜಾರಾಯಿತು. 'ಒಳ್ಳೇವ್ನು ಸಿಕ್ಬುಟ್ನಾ? ಥೂ, ಅಷ್ಟು ಬೈದಿದ್ದೆಲ್ಲ ದಂಡ' ಎಂದಳು. ಮುಂದಿನ ಭಾನುವಾರ ಒಳ್ಳೆಯ ಆಫೀಸರಾಗಲು ಒಂದು ಪ್ರಯತ್ನ ಮಾಡಿದಳು. 'ಬಾರಮ್ಮ, ಕುಂತ್ಕೊ' ಎನ್ನುವವರೆಗೆ ಚೆನ್ನಾಗಿಯೇ ಬಂತು. ಎರಡನೇ ಮಾತಿಗೆ 'ಅದೇನ್ ಅಂಗ್ ನಿಂತಿದೀಯೆ, ಕಂಬ ನಿಂತಂಗೆ' ಎಂದು ಹಳೇ ಕಥೆ ಶುರುವಾಯಿತು.

ನಾನು ಡಿಪ್ಲೊಮಾ ಮುಗಿಸಿ ರಾಮಕೃಷ್ಣನಗರದ ಇಂಜಿನಿಯರೊಬ್ಬರ ಹತ್ತಿರ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ ಮೇಲೆ, ನಮ್ಮ ಸಾಲುಮನೆಗಳಿಗೆ ಹಕ್ಕುಪತ್ರ ಕೊಡುವ ಮಾತು ಬಂತು. ಜಾಗ ಸರ್ಕಾರದ್ದು. ಮನೆ ಯಾರ ಹೆಸರಿನಲ್ಲಿದೆಯೋ ಅವರೇ ವಿಚಾರಣೆಗೆ ಬಂದು, ಎಷ್ಟು ವರ್ಷದಿಂದ ಇದ್ದೇವೆ, ಏನು ದಾಖಲೆ ಇದೆ ಎಂದು ಹೇಳಬೇಕು. ಹೇಳದವರ ಹೆಸರು ಪಟ್ಟಿಯಿಂದ ಹೋಗುತ್ತದೆ, ಆಮೇಲೆ ಮನೆಯೂ ಹೋಗುತ್ತದೆ. ತಾಯಕ್ಕ ನಾಲ್ಕು ಭಾನುವಾರ ಇಡೀ ಬೀದಿಯನ್ನು ಹಿಂಡಿ ಹಿಪ್ಪೆ ಮಾಡಿದಳು.

ವಿಚಾರಣೆಯ ದಿನ ನಮ್ಮವರು ಮಾತಾಡಿದ್ದನ್ನು ನೀವು ಕೇಳಬೇಕಿತ್ತು. ಕೈ ಮುಗಿಯದೆ, ಕೂಗಾಡದೆ, ಕಾಗದ ತೋರಿಸಿ, ವರ್ಷ ಹೇಳಿ ಬಂದು ಕೂತರು. ಆಮೇಲೆ 'ಚಿಕ್ಕತಾಯಮ್ಮ' ಎಂದು ಕರೆದರು. ತಾಯಕ್ಕ ಎದ್ದು ಹೋಗಿ ಮೇಜಿನ ಮುಂದೆ ನಿಂತಳು.

'ಎಷ್ಟು ವರ್ಷದಿಂದ ಇದೀರಮ್ಮ?'

ತಾಯಕ್ಕ ಮಾತಾಡಲಿಲ್ಲ. ಅಧಿಕಾರಿ ಮತ್ತೆ ಕೇಳಿದರು. ಅವಳು ಎರಡೂ ಕೈ ಮುಗಿದಳು. ಕೈಯಲ್ಲಿದ್ದ ಕಾಗದಗಳು ನೆಲಕ್ಕೆ ಬಿದ್ದವು. ಹಿಂದೆ ಕೂತ ನಾವು ಮುಸಿಮುಸಿ ನಗುತ್ತಿದ್ದೆವು. ಇದು ಅವಳ ಯಾವುದೋ ಹೊಸ ವೇಷ, ಈಗ ನೋಡಿ ಹೇಗೆ ತಿರುಗಿಸುತ್ತಾಳೆ ಎಂದು ಕಾಯುತ್ತಿದ್ದೆವು. ಮಹೇಶನಂತೂ ಮೊಬೈಲು ತೆಗೆದು ವಿಡಿಯೋ ಮಾಡತೊಡಗಿದ. ಅವಳ ರವಿಕೆಯ ಬೆನ್ನು ಬೆವರಿನಿಂದ ಒದ್ದೆಯಾದದ್ದು ಕಂಡಾಗ ನಾನು ನಗು ನಿಲ್ಲಿಸಿದೆ. 'ಇವ್ರಿಗೆ ಮಾತು ಬರಲ್ವಾ? ಹೋಗ್ಲಿ, ಮುಂದಿನವ್ರು' ಎಂದು ಅಧಿಕಾರಿ ಪೆನ್ನನ್ನು ಪಟ್ಟಿಯ ಮೇಲಿಟ್ಟರು.

ಆಗ ಗೌರಿ ಹಿಂದಿನ ಬೆಂಚಿನಿಂದ ಎದ್ದು ಬಂದಳು.

'ನಲ್ವತ್ತೆರಡು ವರ್ಷ ಸಾರ್. ನಾನ್ ಹುಟ್ಟಿದ್ದೇ ಆ ಮನೇಲಿ. ಕಂದಾಯದ ರಸೀತಿ ಇಲ್ಲಿ ಅದೆ, ಕರೆಂಟ್ ಬಿಲ್ ಇಲ್ಲಿ ಅದೆ' ಎಂದು ನೆಲದಿಂದ ಎತ್ತಿ ಎತ್ತಿ ಮೇಜಿನ ಮೇಲಿಟ್ಟಳು. 'ನಮ್ಮವ್ವನ ಹೆಸ್ರು ಹೊಡಿಬ್ಯಾಡಿ. ಹೊಡಿಯೋದಾದ್ರೆ ಯಾಕೆ ಅಂತ ಬರ್ದು ಕೊಡಿ.' ದನಿ, ಗತ್ತು, ಕುತ್ತಿಗೆ ಕೊಂಕಿಸುವುದು, ಎಲ್ಲ ತಾಯಿಯದೇ. ಒಂದು ಭಾನುವಾರವೂ ಸಾಲಿನಲ್ಲಿ ನಿಲ್ಲದವಳು ಒಳಗೆ ಪಾತ್ರೆ ಕುಕ್ಕುತ್ತಲೇ ಎಲ್ಲ ಕಲಿತಿದ್ದಳು. ಹೆಸರು ಪಟ್ಟಿಯಲ್ಲಿ ಉಳಿಯಿತು.

ವಾಪಸು ಬರುವಾಗ ಸಿಟಿ ಬಸ್ಸಿನಲ್ಲಿ ಗೌರಿ ನನ್ನ ಪಕ್ಕ ಕೂತಿದ್ದಳು, ತಾಯಕ್ಕ ಮುಂದಿನ ಸೀಟಿನಲ್ಲಿ. ಗೌರಿ ದನಿ ತಗ್ಗಿಸದೆ ಹೇಳಿದಳು: 'ನನ್ನ ಸ್ಕೂಲಿಗೆ ಸೇರ್ಸಾಕೆ ಹೋದಾಗ್ಲೂ ಹಿಂಗೇ ನಿಂತಿದ್ಲು. ಹೆಡ್‌ಮಾಸ್ಟ್ರು ಹುಟ್ಟಿದ್ ಚೀಟಿ ಎಲ್ಲಿ ಅಂದ್ರು, ನಾಳೆ ಬಾ ಅಂದ್ರು. ಇವ್ಳು ಕೈ ಮುಗ್ದು ಬಂದ್ಬುಟ್ಳು. ಆ ನಾಳೆಗೆ ಹೋಗ್ಲೇ ಇಲ್ಲ. ಅದಾದ್ಮೇಲೆ ಯಾವ್ ಆಫೀಸ್ ಮೆಟ್ಲೂ ಹತ್ತಿಲ್ಲ. ನೀವ್ ಬಂದು ಹೇಳ್ತಿದ್ರಲ್ಲ, ಅದ್ನೇ ನಿಮ್ಗೆ ಆಡಿ ತೋರುಸ್ತಿದ್ಲು.' ಆಮೇಲೆ, 'ಬೀದಿ ಮಕ್ಳಿಗೆಲ್ಲ ಬಾಯಿ ಕೊಟ್ಳು. ನನ್ಗೋಸ್ಕರ ಒಂದ್ಸಲ ಬಾಯಿ ಬುಡ್ಲಿಲ್ಲ' ಎಂದಳು. ತಾಯಕ್ಕನಿಗೆ ಎಲ್ಲ ಕೇಳಿಸಿತು. ಅವಳು ತಿರುಗಲಿಲ್ಲ. ನಮಗೆಲ್ಲ ಇಷ್ಟು ವರ್ಷ ಟೋಪಿ ಹಾಕಿದಳಲ್ಲ ಎಂದು ನನಗೆ ಸಿಟ್ಟು ಬಂತು. ಆ ಅಗಲವಾದ ಬೆನ್ನು ನೋಡುತ್ತ ನೋಡುತ್ತ ಅಳುವೂ ಬಂತು.

ತಾಯಕ್ಕ ಈಗಿಲ್ಲ. ಹೋದ ಆಷಾಢದಲ್ಲಿ ನಿದ್ದೆಯಲ್ಲೇ ಹೋದಳು. ಯಾರನ್ನೂ ಬೈಯದೆ ಅವಳು ಮಾಡಿದ ಮೊದಲ ಕೆಲಸ ಅದು. ನಾನಾಗ ಚಾಮರಾಜನಗರದ ಕಡೆ ಸೈಟಿನ ಕೆಲಸಕ್ಕೆ ಹೋಗಿದ್ದೆ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳನ್ನು ಕೊನೆಯದಾಗಿ ನೋಡಿದ್ದು ವಿಚಾರಣೆಯಾದ ಮೂರನೇ ಭಾನುವಾರ.

ಎರಡು ವಾರ ಮುಚ್ಚಿದ್ದ ಕಿಟಕಿ ಅವತ್ತು ತೆರೆದಿತ್ತು. ಎಲ್ಲರೂ ಅಭ್ಯಾಸದ ಮೇಲೆ ಬಂದು ನೆರೆದೆವು. ಮಂಚದ ಮೇಲೆ ಗೌರಿ ಕೂತಿದ್ದಳು, ಬಲವಂತಕ್ಕೆ ಕೂತವರ ಮುಖ ಹೊತ್ತು. ತಾಯಕ್ಕ ಹೊರಗೆ ಬಿಸಿಲಿನಲ್ಲಿ, ಎಲ್ಲರಿಗಿಂತ ಮುಂದೆ, ಮಡಿಕೆಯ ಗೆರೆ ಇನ್ನೂ ಹೋಗದ ಎಲೆಕ್ಷನ್ ಸೀರೆಯೊಂದನ್ನು ಉಟ್ಟು ನಿಂತಿದ್ದಳು. ಮಹೇಶ ಏನೋ ತಮಾಷೆ ಮಾಡಿದ. ನಾವು ನಕ್ಕೆವು.

'ಏನು?' ಎಂದಳು ಗೌರಿ.

ತಾಯಕ್ಕ ಕಂಬಿ ಹಿಡಿದುಕೊಂಡಳು. ತುಟಿ ಎರಡು ಸಲ ಅಲ್ಲಾಡಿತು, ಮಾತು ಬರಲಿಲ್ಲ. ಮೂರನೇ ಸಲಕ್ಕೆ ಬಂತು.

'ನನ್ ಮಗ್ಳುನ್ನ ಒಂದ್ನೇ ಕ್ಲಾಸಿಗೆ ಸೇರುಸ್ಬೇಕು ಸಾರ್.'

ಗೌರಿ ಮಂಚದ ಮೇಲೆ ನೆಟ್ಟಗಾದಳು.

'ಹುಟ್ಟಿದ್ ಚೀಟಿ ತಂದಿದೀರಾ?'

'ಇಲ್ಲ ಸಾರ್. ಇಲ್ದಿದ್ರೂ ನೀವ್ ಸೇರುಸ್ಕಬೇಕು. ಚೀಟಿ ಆಮೇಲೆ ಮಾಡುಸ್ಕಂಡ್ ಬತ್ತೀನಿ. ಸೇರುಸ್ಕಳೋ ಗಂಟ ನಾನ್ ಇಲ್ಲಿಂದ ಕದ್ಲಲ್ಲ.'

'ಮಗು ಎಲ್ಲಿ?' ಎಂದು ಕೇಳಿದಳು ಗೌರಿ.

'ಒಳ್ಗೇ ಕುಂತವ್ಳೆ ಸಾರ್' ಎಂದಳು ತಾಯಕ್ಕ.