ಗಾಳಿ ರೊಕ್ಕಕ್ಕೆ ಮಾರಿದ ಕೌದಿ

ಮೊಮ್ಮಕ್ಕಳೇ, ನೀವು ಸೂಟಿಗೆಂದು ನಿಮ್ಮ ಸೋದರತ್ತೆಯ ಮನೆಗೆ ಹೋಗಿದ್ದಾಗ ವಿಜಯಪುರದ ನಮ್ಮ ಮನೆಯಲ್ಲಿ ನಡೆದದ್ದು ಇದು. ನಿಮ್ಮ ಅವ್ವ ಇದನ್ನು ಯಾವಾಗಲೂ ಅರ್ಧಮರ್ಧ ಹೇಳುತ್ತಾಳೆ, ಯಾಕೆಂದರೆ ಮುಖ್ಯವಾದ ಹೊತ್ತಿಗೆ ಅವಳು ಮನೆಯಲ್ಲಿ ಇರಲಿಲ್ಲ. ಎದುರಿಗೆ ಕೂತು ಹೇಳೆಂದರೆ ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಆ ಬೇಸಿಗೆ ಪೂರ್ತಿ ಕೂತು ಅರಿವೆಯ ತುಂಡು ಜೋಡಿಸಿ ನಾನೊಂದು ಕೌದಿ ಹೊಲಿದಿದ್ದೆ. ಮನೆಮಂದಿಗೆ ಎಷ್ಟೋ ಹೊಲಿದಿದ್ದೇನೆ, ಮಾರಲೆಂದು ಹೊಲಿದದ್ದು ಅದೇ ಮೊದಲು. ನಿಮ್ಮ ಅಜ್ಜ ಹೋದ ಮೇಲೆ ಅವರ ತಮ್ಮ, ನನ್ನ ಮೈದುನ, ತಿಕೋಟಾದ ತನ್ನ ಒಣದ್ರಾಕ್ಷಿ ಶೆಡ್ಡಿಗೆ ಬಂದು ಹೆಣ್ಣಾಳುಗಳ ಮೇಲೆ ಕಣ್ಣಿಡಿ ಎಂದು ಕರೆಯುತ್ತಲೇ ಇದ್ದ. ಒಳ್ಳೆಯ ಮನಸ್ಸಿನಿಂದಲೇ ಕರೆಯುತ್ತಿದ್ದ. ಆದರೆ ನನಗೆ ಸೂಜಿ ಬಿಟ್ಟು ಹೋಗುವ ಮನಸ್ಸಿರಲಿಲ್ಲ. ಈ ಕೌದಿ ಮಾರಿದರೆ ನನ್ನ ಕೆಲಸ ನನಗೆ, ಮಾರದಿದ್ದರೆ ತಿಕೋಟಾಕ್ಕೆ ಬರುತ್ತೇನೆ ಎಂದು ಒಪ್ಪಿಕೊಂಡುಬಿಟ್ಟಿದ್ದೆ.

ಕೌದಿಯನ್ನು ಮಾಳಿಗೆಯ ಗೋಡೆಗೆ ಬಿಸಿಲಿಗೆ ಹಾಕಿದ್ದ ದಿನ ಗೋಳಗುಮ್ಮಟ ನೋಡಲು ಬಂದಿದ್ದ ಪರದೇಶದ ಹೆಣ್ಣುಮಗಳೊಬ್ಬಳು ಅದನ್ನು ಕಂಡು ಬಾಗಿಲಿಗೇ ಬಂದಳು. ಅವಳ ಮಾತನ್ನು ಅವಳ ಫೋನು ಕನ್ನಡದಲ್ಲಿ ಹೇಳುತ್ತಿತ್ತು. ನಾನು ಹೇಳಿದ ಬೆಲೆಗೆ ಎದುರಾಡಲಿಲ್ಲ. ಆದರೆ ಅವಳ ಬ್ಯಾಂಕಿನ ಕಾರ್ಡು ಇಲ್ಲಿ ನಡೆಯುತ್ತಿರಲಿಲ್ಲ, ಕೈಯಲ್ಲಿ ಕ್ರಿಪ್ಟೋ ನಾಣ್ಯವಿತ್ತು. ಕೈಯಲ್ಲಿ ಎಂದರೆ ಫೋನಿನಲ್ಲಿ. ಮುಟ್ಟಲು ಸಿಗದ, ಡಾಲರಿನ ಬೆಲೆಗೆ ಕಟ್ಟಿಹಾಕಿದ ನಾಣ್ಯ. ನಿಮ್ಮ ಅವ್ವ ಮನೆಯಲ್ಲೇ ಕೂತು ಹೊರದೇಶದವರಿಗೆ ಚಿತ್ರ ಬಿಡಿಸಿ ಕೊಡುವಾಕೆ, ಅವಳಿಗೂ ಅಂಥದ್ದು ಬರುತ್ತಿತ್ತು. ತಡಮಾಡದೆ ನನ್ನ ಫೋನಿನಲ್ಲೇ ಒಂದು ಖಾತೆ ತೆರೆದುಕೊಟ್ಟಳು. ಸಂಜೆ ಬಸ್ಸಿಗೆ ಹೋಗುವ ಮುಂಚೆ ಬಂದು ಒಯ್ಯುತ್ತೇನೆ ಎಂದಳು ಆ ಹೆಣ್ಣುಮಗಳು. ನಿಮ್ಮ ಅವ್ವ ನೆಂಟರೊಬ್ಬರ ಮದುವೆಯ ಮಾತುಕತೆಗೆಂದು ಬಬಲೇಶ್ವರಕ್ಕೆ ಹೋದಳು.

ಸಂಜೆ ಆ ಹೆಣ್ಣುಮಗಳು ಬಂದಾಗ ಮೈದುನನೂ ಬಂದು ಕೂತಿದ್ದ. ಅವಳು ಮಾತು ಹೇಳುವುದನ್ನು ಮುಚ್ಚಿ ಅದೇ ಫೋನಿನಲ್ಲಿ ರೊಕ್ಕದ ಪುಟ ತೆರೆದು ಒತ್ತಿದಳು, ನನ್ನ ಫೋನು ಸದ್ದು ಮಾಡಿತು. ನೋಡಿದರೆ ಬಂದದ್ದು ಒಂದೇ ಒಂದು ನಾಣ್ಯ. ನನ್ನ ದುಡಿಮೆಯ ಮೊದಲ ರೊಕ್ಕವೆಂದು ನಾನು ಫೋನನ್ನೇ ಕಣ್ಣಿಗೊತ್ತಿಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತ ಕೂತಳು.

"ಒಂದ ಡಾಲರಿಗೆ ಹೋತು ನೋಡ್ರಿ ವೈನಿ ನಿಮ್ಮ ಕೌದಿ," ಎಂದ ಮೈದುನ. "ಗಾಳಿ ರೊಕ್ಕ, ಗಾಳಿ ಗಿರಾಕಿ." ಎದ್ದು ಹೋಗಿ ಕೌದಿಯನ್ನು ಮಡಿಚತೊಡಗಿದ. ಅವಳ ಮುಖ ಕೆಂಪಾಯಿತು. ಬೆನ್ನಿನ ಚೀಲ ಎತ್ತಿಕೊಂಡಳು. ಆದರೆ ಅವಳ ಹೆಬ್ಬೆರಳು ಮಾತ್ರ ಇನ್ನೂ ಫೋನಿನ ಮೇಲೆಯೇ ನಿಂತಿತ್ತು, ಯಾವುದಕ್ಕೋ ಕಾಯುವಂತೆ.

ನನಗೆ ಮಮದಾಪುರದ ನನ್ನ ಅಪ್ಪ ಎತ್ತು ಕೊಳ್ಳುತ್ತಿದ್ದ ರೀತಿ ಕಣ್ಣಮುಂದೆ ಬಂತು. ಮೊದಲು ಸಂಚಕಾರ, ಅಂದರೆ ಮುಂಗಡವೆಂದು ಒಂದೇ ರೂಪಾಯಿ ಮಾರುವವನ ಕೈಗಿಡುವುದು. ಅವನು ಬಾಯಿಬಿಟ್ಟು ಮುಟ್ಟಿತು ಎನ್ನಬೇಕು. ಅನ್ನುವವರೆಗೆ ಅಪ್ಪ ಉಳಿದ ರೊಕ್ಕದ ಗಂಟು ಬಿಚ್ಚುತ್ತಿರಲಿಲ್ಲ. ಇವಳೂ ಸಂಚಕಾರ ಕೊಟ್ಟು ಕಾಯುತ್ತಿದ್ದಾಳೆ, ಬಾಯಿಬಿಡದೆ ಕೂತವಳು ನಾನೇ. ಕಣ್ಣಿಗೊತ್ತಿಕೊಂಡರೆ ನಮ್ಮವರಿಗೆ ತಿಳಿದೀತು, ಅವಳಿಗೆ ಹೇಗೆ ತಿಳಿಯಬೇಕು?

ಪರರ ಮುಂದೆ ಬಾಯಿಗೆ ಸೆರಗು ಅಡ್ಡ ಹಿಡಿಯುವವಳು ನಾನು. ಅವತ್ತು ಸೆರಗು ಬಿಟ್ಟೆ. "ಕೌದಿ ಕೆಳಗಿಡ್ರಿ," ಎಂದೆ ಮೈದುನನಿಗೆ. ನನ್ನ ಫೋನಿನ ಗಾಜನ್ನು ಅವಳ ಕಡೆ ತಿರುಗಿಸಿ, "ಮುಟ್ಟೇತಿ ನೋಡವಾ. ನನಗ ಮುಟ್ಟೇತಿ," ಎಂದೆ, ಓಣಿಗೆ ಕೇಳುವಷ್ಟು ಗಟ್ಟಿಯಾಗಿ.

ಅವಳು ನಕ್ಕುಬಿಟ್ಟಳು. ಹೆಬ್ಬೆರಳು ಇಳಿಯಿತು. ನನ್ನ ಫೋನು ಮತ್ತೆ ಸದ್ದು ಮಾಡಿತು, ಉಳಿದದ್ದೆಲ್ಲ ಬಂದಿತ್ತು. ಅವಳು ಕೌದಿ ಎತ್ತಿಕೊಂಡು ಬಸ್ಸಿಗೆ ಹೋದಳು. ತಪ್ಪು ದಾರಿ ಹಿಡಿದರೆ ಆ ನಾಣ್ಯ ತಿರುಗಿ ಬರುವುದಿಲ್ಲವಂತೆ, ಅದಕ್ಕೇ ಅವರೂ ಮೊದಲು ಒಂದನ್ನು ಕಳಿಸಿ, ಮುಟ್ಟಿತು ಎನ್ನುವವರೆಗೆ ಕಾಯುತ್ತಾರಂತೆ. ಇದನ್ನು ನಿಮ್ಮ ಅವ್ವ ಬಂದ ಮೇಲೆ ಹೇಳಿದಳು.

ಮೈದುನ ಮಾತ್ರ ಸೋಲಲಿಲ್ಲ. "ಅಂಕಿ ಬಂದಾವ ಖರೆ, ರೊಕ್ಕ ಎಲ್ಲೈತಿ? ಇದರಲೆ ಒಂದು ಚೂರು ಅರಿಬಿ ತಂದು ತೋರಸ್ರಿ," ಎಂದ.

ಮರುದಿನ ಅವನನ್ನೂ ನಿಮ್ಮ ಅವ್ವನನ್ನೂ ಕರೆದುಕೊಂಡು ಸೊಲ್ಲಾಪುರ ರಸ್ತೆಗೆ ಹೋದೆ. ಮೊದಲಿನ ಎರಡು ಅಂಗಡಿಯವರು ಈ ನಾಣ್ಯ ಬೇಡವೆಂದರು. ಮೂರನೆಯದು ತುಂಡು ಬಟ್ಟೆಯ ಅಂಗಡಿ, ಗಡ್ಡ ನೆರೆತ ಚಾಚಾ ಒಬ್ಬರದು. ಇದು ನಡೆಯುತ್ತದೆಯೇ ಎಂದು ಸಂಕೋಚಪಡುತ್ತಲೇ ಕೇಳಿದೆ. "ದುಬೈದಾಗಿಂದ ನಮ್ಮ ಮಗಳು ಇದನ್ನ ಕಳಸ್ತಾಳ್ರಿ ಅಕ್ಕಾರ. ಅರಿಬಿ ಆರಿಸ್ರಿ," ಎಂದರು.

ನಾನು ಆರಿಸಿದೆ. ಕೆಂಪು, ಹಸಿರು, ಅರಿಸಿನ ಬಣ್ಣ, ಕೆಳಗೆ ಹಾಕಲು ಗಟ್ಟಿ ಅರಿವೆ, ದಾರದ ಉಂಡೆಗಳು. ಯಾರನ್ನೂ ಕೇಳದೆ, ಇದು ಬೇಡ ಅದು ಕೊಡಿ ಎಂದು ಬಾಯಿಬಿಟ್ಟು ಹೇಳಿ ಆರಿಸಿದೆ. ನಾಣ್ಯ ಕಳಿಸಿದ್ದೂ ನಾನೇ. ಎಲ್ಲಿ ಒತ್ತಬೇಕೆಂದು ನಿಮ್ಮ ಅವ್ವ ಬೆರಳು ತೋರಿಸಿದಳು ಅಷ್ಟೇ, ಅದರ ತೆರಿಗೆಯ ಲೆಕ್ಕವೂ ಅವಳ ಪಾಲಿಗೇ ಹೋಯಿತು. ಚಾಚಾ ತಮ್ಮ ಫೋನು ನೋಡಿ ತಲೆಯಾಡಿಸಿ, ಮೈದುನನ ಕಡೆ ತಿರುಗಿ, "ನಿಮ್ಮ ಕಡೆ ಬರೀ ಕಾಗದದ ರೊಕ್ಕೇನ್ರಿ ಸಾವಕಾರ್ರ? ಇರ್ಲಿ ಬಿಡ್ರಿ, ಅದೂ ನಡೀತೈತಿ," ಎಂದರು.

ಮೈದುನ ಎಲ್ಲರಿಗಿಂತ ಜೋರಾಗಿ ನಕ್ಕ. ಅರಿವೆಯ ಗಂಟನ್ನು ತಾನೇ ಹೆಗಲಿಗೇರಿಸಿಕೊಂಡು ಮನೆಯವರೆಗೆ ಹೊತ್ತು ತಂದ. ಶೆಡ್ಡಿನ ಮಾತು ಎತ್ತಲಿಲ್ಲ. ಅಂದೇ ಸಂಜೆ ಪಡಸಾಲೆಯಲ್ಲಿ ಹೊಸ ಕೌದಿಗೆ ಅರಿವೆ ಹರವಿದೆ. ಅವನು ತಿಕೋಟಾದ ಬಸ್ಸು ಹೋದರೆ ಹೋಗಲೆಂದು ಬಿಟ್ಟು, ಕನ್ನಡಕ ಮೂಗಿನ ತುದಿಗಿಳಿಸಿ, ಒಂದೊಂದೇ ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಡುತ್ತ ಕೂತ.