ದೀಪ ಆರಿಸುವ ದಾದಿ

ಮಕ್ಕಳ ವಾರ್ಡಿನ ಆ ದಾದಿಗೆ ಅಲ್ಲಿಗೆ ಬರುವ ಮಕ್ಕಳ ತಂದೆತಾಯಿಗಳು ಇಟ್ಟ ಹೆಸರು ಕತ್ತಲಕ್ಕ. ಸೂಜಿ ಕೈಗೆತ್ತಿಕೊಳ್ಳುವ ಮೊದಲು ಪರದೆ ಎಳೆದು ದೀಪ ಆರಿಸುತ್ತಿದ್ದಳು. ಚುಚ್ಚುವವರು ಬೆಳಕು ಕೇಳುವುದನ್ನು ಕಂಡಿದ್ದೆ. ಕತ್ತಲೆ ಕೇಳುವವರನ್ನು ಕಂಡಿರಲಿಲ್ಲ.

ಎಂಟು ತಿಂಗಳ ನನ್ನ ಮೊಮ್ಮಗಳ ಮೈ ತಾನೇ ಸಾಕಷ್ಟು ರಕ್ತ ಮಾಡಿಕೊಳ್ಳುತ್ತಿರಲಿಲ್ಲ. ಮೂರು ವಾರಕ್ಕೊಮ್ಮೆ ಕೊಡಿಸಬೇಕಿತ್ತು. ಹಿಂದಿನ ಸಲ ಬೇರೊಬ್ಬರು ಐದು ಕಡೆ ಚುಚ್ಚಿದ ಮೇಲೆ ಆರನೆಯದಕ್ಕೆ ನರ ಸಿಕ್ಕಿತ್ತು. ಈ ಸಲ ಸಿಗದಿದ್ದರೆ ಕುತ್ತಿಗೆಯಲ್ಲಿ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ನನ್ನ ಮಗಳು ಮಗುವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ.

ಕತ್ತಲಕ್ಕ ಮಗುವಿನ ಕೈ ಸವರಿ, ತುಟಿ ನೋಡಿ, ಹುಬ್ಬು ಗಂಟಿಕ್ಕಿದಳು.

"ಹಾಲು ಯಾವಾಗ ಕುಡಿಸಿದ್ದು?"

"ಬೆಳಿಗ್ಗೆಯಿಂದ ಕೊಟ್ಟಿಲ್ಲ ಸಿಸ್ಟರ್. ಅಪ್ಪ ಬೇಡ ಅಂದ್ರು," ಎಂದಳು ಮಗಳು.

"ರಕ್ತದ ವಿಷಯ ಅಂದ್ಮೇಲೆ ಖಾಲಿ ಹೊಟ್ಟೆ ಅಲ್ವೇನಮ್ಮ?" ಎಂದೆ.

"ಅದು ನಿಮ್ಮ ಸಕ್ಕರೆ ಪರೀಕ್ಷೆಗೆ ಮೇಷ್ಟ್ರೇ! ಮೈಯಲ್ಲಿ ನೀರಿಲ್ದಿದ್ರೆ ನರ ಸೊರಗಿ ಒಳಗೆ ಅವಿತ್ಕೊಳ್ಳುತ್ತೆ. ಹೋದ ಸಲಾನೂ ಹೀಗೇ ಕರ್ಕೊಂಡ್ಬಂದಿದ್ರಾ?"

"ಹೌದಮ್ಮ, ಆಗ್ಲೂ ನಾನೇ ಬೇಡ ಅಂದಿದ್ದೆ," ಎಂದೆ. ಮಗಳು ಆಗ ನನ್ನತ್ತ ನೋಡಿದ ನೋಟವನ್ನು ಬರೆಯಲಾರೆ.

ಕತ್ತಲಕ್ಕ ಮಗುವಿಗೆ ಹಾಲು ಕುಡಿಸಲು ಹೇಳಿ ನಮ್ಮನ್ನು ಒಂದು ಗಂಟೆ ಕೂರಿಸಿದಳು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ತನ್ನ ಕೆನ್ನೆಗೆ ಒತ್ತಿ ನೋಡಿ, ಹದವಾದ ಮೇಲೆ ಮಗುವಿನ ಕೈಗೆ ಸುತ್ತಿದಳು. ಆ ಬಿಡುವಿನಲ್ಲಿ ಕತ್ತಲೆಯ ಗುಟ್ಟು ಕೇಳಿದೆ.

"ಕೆಲಸಕ್ಕೆ ಸೇರಿದ ಹೊಸತು, ಇಪ್ಪತ್ತೆರಡು ವರ್ಷ ಆಯ್ತು. ಕಿಟಕಿ ಇಲ್ಲದ ಉಗ್ರಾಣದಲ್ಲಿ ಟಾರ್ಚು ಹಿಡಿದು ಏನೋ ಹುಡುಕ್ತಿದ್ದೆ, ಕಂಕುಳಲ್ಲಿ ಒಂದು ಪಾಪು. ಅದು ಟಾರ್ಚಿನ ಮೇಲೆ ಕೈ ಇಡ್ತು ನೋಡಿ, ಕೈಯೆಲ್ಲ ಕೆಂಡದ ಹಾಗೆ ಕೆಂಪು, ಒಳಗೆ ನರದ ಕಪ್ಪು ಗೆರೆ! ಹುಡುಕೋಕೆ ಹೋಗಿದ್ದೇನು ಅಂತ ಮರೆತೇ ಹೋಯ್ತು."

"ಡಾಕ್ಟರು ಒಪ್ಪಿದ್ರಾ?"

"ಮೊದಲು ನಕ್ಕರು. ಆಮೇಲೆ ಅವರೇ ಟಾರ್ಚಿಗೆ ಸೆಲ್ ತಂದ್ಕೊಟ್ರು."

ದೀಪ ಆರಿತು. ಪುಟ್ಟ ಅಂಗೈಯ ಕೆಳಗೆ ತಣ್ಣನೆಯ ಬೆಳಕಿನ ಟಾರ್ಚು ಹಿಡಿದಳು. ಬಗ್ಗಿ ನೋಡಿದೆ. ಕೆಂಪಾದ ಕೈಯಲ್ಲಿ ಕಿರುಬೆರಳ ಬುಡದಿಂದ ಎಳೆಬಳ್ಳಿಯಂಥ ಗೆರೆಯೊಂದು ಹೊರಟು, ಮಣಿಕಟ್ಟಿನ ಹತ್ತಿರ ಇನ್ನೊಂದನ್ನು ಕೂಡಿತ್ತು.

"ಮೇಷ್ಟ್ರೇ, ತಲೆ ಆಚೆ ತಗೊಳ್ಳಿ. ನನಗೂ ಕಾಣಬೇಕಲ್ಲ!"

ಒಂದೇ ಚುಚ್ಚು. ಮಗು ಕಿರುಚಿತು, ಸೂಜಿಯ ಹಿಂದಿನ ನಳಿಕೆಯಲ್ಲಿ ರಕ್ತ ಇಣುಕಿತು; ನರ ಸಿಕ್ಕಿತ್ತು.

"ಹಾಗಾದ್ರೆ ಕುತ್ತಿಗೆ...?" ಎಂದಳು ಮಗಳು.

"ಕುತ್ತಿಗೆಗೆ ಸರ ಹಾಕೇ ತಾಯಿ, ನಳಿಕೆ ಯಾಕೆ?" ಎಂದ ಕತ್ತಲಕ್ಕ ದೀಪ ಹಾಕಿ, ಹೊರಗೆ ಕಾಯುತ್ತಿದ್ದ ಮುಂದಿನ ಮಗುವನ್ನು ಕರೆದಳು.