ಎರಡು ನಿಮಿಷ ಸದ್ದು ಬೇಡ, ಚಿತ್ರ ಹೋಗುತ್ತಿದೆ

ರವಿವಾರ, ಅಕ್ಟೋಬರ್ ಹದಿಮೂರು. ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ಪ್ರತಿ ರವಿವಾರದಂತೆ ಏಳಕ್ಕೆ ಸರಿಯಾಗಿ ನನ್ನ ರೇಡಿಯೋದಿಂದ ಐವತ್ತೆಂಟನೆಯ ಚಿತ್ರ ಹೋಯಿತು: ಕಿಟಕಿಯಲ್ಲಿಟ್ಟ ದಾಸವಾಳದ ಕುಂಡ. ಹೋಗಿ ಮುಟ್ಟಲು ಎರಡು ನಿಮಿಷ, ಉತ್ತರಕ್ಕೆ ಕಾದದ್ದು ಹತ್ತು ನಿಮಿಷ. ಉತ್ತರ ಬರಲಿಲ್ಲ.

ಹವ್ಯಾಸಿ ರೇಡಿಯೋದಲ್ಲಿ ಚಿತ್ರ ಕಳಿಸುತ್ತೇನೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ತಮ್ಮ ಕೈಯಲ್ಲಿರುವ ಮೊಬೈಲ್ ನೋಡುತ್ತಾರೆ. ಉಗಾರ ಖುರ್ದದಲ್ಲಿ ನನಗೆ ಕೋಣೆ ಬಾಡಿಗೆ ಕೊಟ್ಟಿರುವ ಅಕ್ಕಾತಾಯಿ ಆರು ಎಕರೆ ಕಬ್ಬಿನ ಒಡತಿ, ಸುತ್ತುಬಳಸಿ ಮಾತಾಡುವವಳಲ್ಲ. “ಒಂದ್ ಬಟನ್ ಒತ್ತಿದ್ರ ಫೋಟೋ ಹೋಕ್ಕಾವ. ನೀ ಎರಡ್ ಮಿನಿಟ್ ಕುಂಯ್ ಕುಂಯ್ ಅನ್ನಿಸಿ ಒಂದ್ ಕಳಸ್ತಿ. ಪರೀಕ್ಷಾ ಪಾಸಾಗಿ ಲೈಸನ್ಸ್ ತಗೊಂಡಿದ್ದು ಇದಕ್ಕೇನ ಬೇ?” ಎಂದು ಕೇಳಿದ್ದಳು.

ಇದಕ್ಕೇ. ಮೊಬೈಲ್ ನೆಟ್‌ವರ್ಕ್ ಸತ್ತ ದಿನ ಬೇಕಾಗುತ್ತದೆಂದು ಅದು ಬದುಕಿರುವ ದಿನಗಳಲ್ಲಿ ಕಲಿಯುವ ವಿದ್ಯೆ ಇದು. ಫೋನು ಚಿತ್ರವನ್ನು ಮೇಲಿನಿಂದ ಗೆರೆಗೆರೆಯಾಗಿ ಓದುತ್ತ ಬರುತ್ತದೆ. ಬೆಳಕಿದ್ದಲ್ಲಿ ಏರುದನಿ, ಕತ್ತಲೆಯಿದ್ದಲ್ಲಿ ಇಳಿದನಿ. ರೇಡಿಯೋ ಆ ದನಿಯನ್ನು ಒಯ್ಯುತ್ತದೆ. ಆಚೆ ಊರಿನಲ್ಲಿ ಇನ್ನೊಂದು ಫೋನು ರೇಡಿಯೋದ ಮಗ್ಗುಲಲ್ಲಿ ಕೂತು ಕೇಳಿಸಿಕೊಂಡು, ಹಾಗೆಯೇ ಗೆರೆಗೆರೆಯಾಗಿ ಬಿಡಿಸುತ್ತದೆ. ಚಂದ್ರನ ಬೆನ್ನಿನ ಮೊದಲ ಚಿತ್ರಗಳೂ ಹೀಗೆ ಗೆರೆ ಎಳೆದುಕೊಂಡೇ ಬಂದವೆಂದು ಓದಿದ್ದೇನೆ. ಚಂದ್ರನಲ್ಲಿ ಕುಕ್ಕರ್ ಇಲ್ಲ, ಅದೊಂದು ಅನುಕೂಲ. ನನ್ನಲ್ಲಿ ಫೋನಿಗೂ ರೇಡಿಯೋಕ್ಕೂ ನಡುವೆ ತಂತಿಯಿಲ್ಲ. ಫೋನನ್ನು ಮೈಕಿನ ಬಾಯಿಗೆ ಹಿಡಿಯುತ್ತೇನೆ, ಅಷ್ಟೆ. ಆದ್ದರಿಂದ ಕೋಣೆಯಲ್ಲಿ ಎದ್ದ ಸದ್ದೆಲ್ಲ ಚಿತ್ರದೊಳಗೆ ಸೇರಿಕೊಳ್ಳುತ್ತದೆ. ಹನ್ನೆರಡನೆಯ ಚಿತ್ರದಲ್ಲಿ ಎಮ್ಮೆಯ ಬೆನ್ನ ಮೇಲೊಂದು ಹಸಿರು ಗೆರೆಯಿದೆ. ಅಕ್ಕಾತಾಯಿ ಬಾಗಿಲಲ್ಲಿ ನಿಂತು “ಚಾ ಆರಾಕತ್ತೈತಿ” ಎಂದದ್ದು ಅದು.

ಉಳಿದ ಚಿತ್ರಗಳಲ್ಲಿ ಗೆರೆಯಿಲ್ಲ. ಅದನ್ನು ಮೊದಲು ಗಮನಿಸಿದ್ದು ಕಬ್ಬೂರಿನ ಭೀಮರಾವ್ ಕಾಕಾ. ಅವರು ನಿವೃತ್ತ ಲೈನ್‌ಮನ್. ನನ್ನ ಚಿತ್ರಗಳಿಗೆ ಬಂದ ನಲವತ್ತೊಂಬತ್ತು ಉತ್ತರಗಳೂ ಅವರೊಬ್ಬರವೇ, ಕೆಲವು ಸಲ ಚಿತ್ರವಾಗಿಯೇ. ಮುಖ ಕಂಡಿಲ್ಲ, ಮನೆ ಕೇಳಿಲ್ಲ, ದನಿ ಗೊತ್ತು. ಒಂದು ರವಿವಾರ ಅವರು ಹೇಳಿದರು: “ನಿನ್ನ ಚಿತ್ರ ಭಾಳ ಸ್ವಚ್ಛ ಬರ್ತಾವ, ತಂಗಿ. ಮನ್ಯಾಗ ಯಾರೂ ಇರೂದಿಲ್ಲೇನ?”

“ನಿಮ್ಮವೂ ಹಂಗ ಬರ್ತಾವ್ರಿ, ಕಾಕಾ,” ಎಂದೆ.



ಆಗಸ್ಟಿನಲ್ಲಿ ಕೃಷ್ಣೆ ಏರಿದಾಗ ಮೊದಲು ಕರೆಂಟು ಹೋಯಿತು, ಅದರ ಹಿಂದೆಯೇ ಟವರ್ ಮಲಗಿತು. ದಂಡೆಯ ತೋಟದ ಮನೆಗಳಲ್ಲಿ ಹದಿನೇಳು ಜನ ಸಿಕ್ಕಿಬಿದ್ದರು. ನಾನು ರೇಡಿಯೋಕ್ಕೆ ಬ್ಯಾಟರಿ ಹಚ್ಚಿ ಕಾಕಾರಿಗೆ ತಿಳಿಸಿದೆ. ಅವರ ಊರಿನಲ್ಲಿ ಫೋನು ನಡೆಯುತ್ತಿತ್ತು. ದೋಣಿ ಹಂಚುವವರಿಗೆ ಅವರು ತಿಳಿಸಿದರು. “ಎಲ್ಲಾ ಊರವ್ರೂ ನಮ್ಮಲ್ಲೇ ನೀರ ಹೆಚ್ಚ ಅಂತಾರಂತ. ಫೋಟೋ ಐತೇನು ಅಂತ ಕೇಳಾಕತ್ತಾರ,” ಎಂದರು. ತೋಟಕ್ಕೆ ಹೋಗುವ ರಸ್ತೆಯ ಫೋಟೋ ತೆಗೆದು ಕಳಿಸಿದೆ.

“ತಂಗಿ, ಚಿತ್ರ ಬಂದಿಲ್ಲ. ಬರೇ ಕೆಸರ ಬಂದೈತಿ.”

“ಅದ ಚಿತ್ರ ರೀ ಕಾಕಾ! ಇಲ್ಲಿ ಇರೂದ ಕೆಸರು.”

ನಮ್ಮ ಕಡೆ ನೀರಿನ ಆಳ ನೋಡಲು ಕಬ್ಬನ್ನು ನಿಲ್ಲಿಸಿ, ಮೇಲೆ ಎಷ್ಟು ಗಣ್ಣು ಉಳಿದವೆಂದು ಎಣಿಸುತ್ತಾರೆ. ಅಕ್ಕಾತಾಯಿ ಒಂದು ಕಬ್ಬು ಮುರಿದು ತಂದಳು. “ನಾ ನಿಂದರ್ತೀನಿ. ಆದ್ರ ಸಾಹೇಬ್ರು ನೋಡೂ ಫೋಟೋ, ತಡಿ, ಸೀರಿ ಬದಲಿಸಿ ಬರ್ತೀನಿ,” ಎಂದು ಒಳಗೆ ಹೋದಳು. ನನಗೆ ಬಂದ ಸಿಟ್ಟನ್ನು ರೇಡಿಯೋ ಡೈರಿಯ ಆ ದಿನದ ಪುಟದಲ್ಲಿ ಎರಡು ಸಲ ಬರೆದಿದ್ದೇನೆ. ಅರಿಶಿನ ಬಣ್ಣದ ಸೀರೆ ಉಟ್ಟು ಬಂದು, ನಡುಮಟ್ಟ ನೀರಲ್ಲಿ ಕಬ್ಬು ಹಿಡಿದು ನಿಂತಳು. ಚಿತ್ರ ಹೋಯಿತು.

“ಯಾರೋ ಲಗ್ನಕ್ಕ ಹೊಂಟಂಗ ಐತಿ!” ಎಂದರು ಕಾಕಾ. “ನೀರ ನಡದ ಮಟ ಐತಿ. ಕಬ್ಬಿನ್ಯಾಗ ಐದ ಗಣ್ಣ ಕಾಣಾಕತ್ತಾವ. ಸಾಕ, ಮುಂದ ಕಳಸ್ತೀನಿ.” ಆ ಕೆಸರಿನಲ್ಲಿ ಕಣ್ಣಿಗೆ ಸಿಕ್ಕಿದ್ದು ಹಳದಿ ಒಂದೇ. ಮಧ್ಯಾಹ್ನ ಎರಡು ನಲವತ್ತಕ್ಕೆ ದೋಣಿ ಬಂತು. ಹದಿನೇಳು ಜನ ಇಳಿದರು. ಎರಡು ಸಲ ಎಣಿಸಿದೆ. ಸೀರೆಯ ಬಗ್ಗೆ ಅಕ್ಕಾತಾಯಿ ಈವರೆಗೆ ಒಂದು ಮಾತೂ ಆಡಿಲ್ಲ, ಅದೇ ಹೆಚ್ಚು ಚುಚ್ಚುತ್ತದೆ.

ಕಾಕಾ ಕೊನೆಯ ಸಲ ಉತ್ತರಿಸಿದ್ದು ಆಗಸ್ಟ್ ಇಪ್ಪತ್ತೈದರಂದು. ಇಂದಿಗೆ ಏಳು ರವಿವಾರಗಳಾದವು. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಬ್ಬಿನ ರಸ ಪರೀಕ್ಷಿಸುವುದು ನನ್ನ ಕೆಲಸ. ಅಲ್ಲಿ ಸೊನ್ನೆ ಬೇರೆ, ಖಾಲಿ ಬೇರೆ. ಸೊನ್ನೆ ಎಂದರೆ ಅಳೆದು ನೋಡಿದೆವು, ಏನೂ ಇಲ್ಲ. ಖಾಲಿ ಎಂದರೆ ಇನ್ನೂ ಗೊತ್ತಿಲ್ಲ. ಡೈರಿಯಲ್ಲಿ ಆ ಏಳು ರವಿವಾರಗಳ ಉತ್ತರದ ಖಾನೆಗಳನ್ನು ಖಾಲಿ ಬಿಟ್ಟಿದ್ದೇನೆ.

ಹೋದ ರವಿವಾರ ಬಸ್ ಹಿಡಿದು ಕಬ್ಬೂರಿಗೆ ಹೋದೆ. ಯಾರನ್ನೂ ಕೇಳದೆ ಮಾಳಿಗೆಗಳನ್ನು ನೋಡುತ್ತ ನಡೆದೆ. ಕಾಲುಗಂಟೆಯಲ್ಲಿ ಆಂಟೆನಾ ಸಿಕ್ಕಿತು, ಅದರ ಕೆಳಗೆ ಬೀಗ ಹಾಕಿದ ಮನೆ. ಪಕ್ಕದ ಮನೆಯ ಹೆಂಗಸು ಶೇಂಗಾ ಸುಲಿಯುತ್ತ ಹೇಳಿದಳು: “ಕಾಕಾರಿಗೆ ಕಣ್ಣಿನ ಆಪರೇಶನ್ ಆಗೈತ್ರಿ. ಮಗಳ ಬಂದ ಕರ್ಕೊಂಡ ಹೋಗ್ಯಾಳ. ನಿಪ್ಪಾಣಿ ಕಡೆ ಅಂದ್ರೋ, ರಾಯಬಾಗ ಕಡೆ ಅಂದ್ರೋ... ಫೋನ್ ಹಚ್ಚಿದ್ರ ಬಂದ್ ಬರ್ತೈತಿ. ಅರಿವಿ ಗಂಟ ಮರತ ಹೋದ್ರು ನೋಡ್ರಿ, ಆ ರೇಡಿಯೋ ಮಾತ್ರ ಎದಿಗೆ ಅವಚ್ಕೊಂಡ ಹೋದ್ರು.”

ತಿರುಗಿ ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಕಣ್ಣಿಗೆ ಪಟ್ಟಿ ಕಟ್ಟಿದವರಿಗೂ ಚಿತ್ರದ ಸದ್ದು ಕೇಳುತ್ತದೆ. ಆಂಟೆನಾ ಮಾಳಿಗೆಯಲ್ಲೇ ಉಳಿದಿದೆ, ಹಾಗಾಗಿ ರೇಡಿಯೋದ ಪುಟ್ಟ ಕಡ್ಡಿಯಿಂದ ಹೊರಟ ಅವರ ದನಿ, ನಾನು ಅತ್ತ ತಿರುಗದ ಹೊರತು, ಇಲ್ಲಿಗೆ ಮುಟ್ಟಲಾರದು. ಆದರೆ ಮುಟ್ಟದ ದನಿಯೂ ದನಿಯೇ. ನನ್ನ ಆಂಟೆನಾ ಮುಖ ಮಾಡಿದ ಕಡೆಗಷ್ಟೇ ಕೇಳುವ ಜಾತಿಯದು, ಅದು ಈಗಲೂ ಕಬ್ಬೂರಿನ ಬೀಗ ಹಾಕಿದ ಮನೆಯನ್ನು ನೋಡುತ್ತಿದೆ.

ನಿಪ್ಪಾಣಿ, ರಾಯಬಾಗ ಕಡೆಯ ಓದುಗರೇ, ನಿಮ್ಮ ಪಕ್ಕದ ಮನೆಯಿಂದ ರವಿವಾರ ಬೆಳಿಗ್ಗೆ ಏಳಕ್ಕೆ ಎರಡು ನಿಮಿಷ ಕುಂಯ್ ಕುಂಯ್ ಸದ್ದು ಕೇಳಿದರೆ, ಆಮೇಲೆ ಒಬ್ಬ ಮುದುಕರು ಮೈಕಿಗೆ “ತಂಗಿ” ಎಂದು ಕೂಗುವುದು ಕೇಳಿದರೆ, ದಯವಿಟ್ಟು ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ವಿಳಾಸ ಬೇಡ, ಊರಿನ ಹೆಸರು ಸಾಕು. ಆಂಟೆನಾ ಅತ್ತ ತಿರುಗಿಸಲು ನನಗೆ ಅರ್ಧ ನಿಮಿಷ ಹಿಡಿಯುತ್ತದೆ.